ಮೂರನೇ ಚಾಪೆಯ ಮುಳ್ಳು

“ನೆಲ ಅಂದ್ರೆ ನಾನು, ನಾನು ಅಂದ್ರೆ ನೆಲ! ನೆಲದ ವಿಷಯದಲ್ಲಿ ನನ್ನನ್ನ ಸೋಲಿಸೋ ಗಂಡು ಈ ತಕಾಓಕಾ ಊರಲ್ಲಿ ಇನ್ನೂ ಹುಟ್ಟಿಲ್ಲ!”

ಜನವರಿಯ ಒಂದು ಬೆಳಿಗ್ಗೆ ತೊಕುಜಿ ಹೀಗೆಂದು ಘೋಷಿಸಿದಾಗ ಅವನ ಬಾಯಲ್ಲಿ ಅಕ್ಕಿಹಿಟ್ಟಿನ ಅಂಟುಂಡೆ ಅರ್ಧವಿತ್ತು. ಇನ್ನರ್ಧ ಗಲ್ಲಕ್ಕೆ ಮೆತ್ತಿಕೊಂಡಿತ್ತು.

“ಗಂಡು ಹುಟ್ಟಿಲ್ಲ, ಒಪ್ಪಿದೆ,” ಎಂದಳು ಹೆಂಡತಿ ಶಿಜುಯೊ. “ಹೆಣ್ಣು ಹುಟ್ಟಿದೆ ನೋಡಿ. ನಿಮ್ಮ ಮುಂದೇನೇ ಕೂತಿದೆ. ಮೊದಲು ಗಲ್ಲ ಒರೆಸ್ಕೊಳ್ಳಿ.”

ತೊಕುಜಿಯ ಜಂಬ ಪೂರ್ತಿ ಸುಳ್ಳೇನೂ ಅಲ್ಲ. ಅವನದು ಮೂರು ತಲೆಮಾರಿನ ತಾತಾಮಿ ಅಂಗಡಿ. ಮೂರು ಬೆರಳು ದಪ್ಪಕ್ಕೆ ಒಣಹುಲ್ಲು ಒತ್ತಿ, ಮೇಲೆ ಜೊಂಡಿನ ಹೊದಿಕೆ ಹೊಲಿದು, ಅಂಚಿಗೆ ಬಟ್ಟೆಯ ಪಟ್ಟಿ ಕೂಡಿಸಿ ಅವನು ಮಾಡಿಕೊಟ್ಟ ಚಾಪೆಗಳ ಮೇಲೆ ಅರ್ಧ ಊರು ಮಲಗಿ ಏಳುತ್ತಿತ್ತು. ಬರಿಗಾಲಲ್ಲಿ ಒಂದು ಕೋಣೆ ದಾಟಿದರೆ ಸಾಕು, ಯಾವ ಚಾಪೆ ಎಷ್ಟು ತಗ್ಗಿದೆ, ಆ ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದನ್ನೂ ಹೇಳಿಬಿಡುತ್ತಿದ್ದ. “ನನಗೆ ಅಳತೆಪಟ್ಟಿ ಯಾಕೆ? ನನ್ನ ಅಂಗಾಲೇ ಅಳತೆಪಟ್ಟಿ!” ಎನ್ನುವುದು ಅವನ ನಿತ್ಯದ ಮಾತು.

ಇಂಥ ಮಹಾಶಯನ ಸ್ವಂತ ಮನೆಯ ನೆಲ ಹೇಗಿರಬೇಡ? ಇಡೀ ಅಂಗಡಿಬೀದಿಯಲ್ಲಿ ಅಷ್ಟು ದರಿದ್ರ ನೆಲ ಇನ್ನೊಂದಿರಲಿಲ್ಲ! ಅವರು ಉಣ್ಣುವ, ಕೂರುವ, ಮಲಗುವ ಕೋಣೆಗೆ ಆರು ಚಾಪೆ. ಆರೂ ಬಣ್ಣಗೆಟ್ಟು, ನಾರು ಕಿತ್ತು, ಕೂತವರ ಬಟ್ಟೆಗೆಲ್ಲ ಹುಲ್ಲು ಅಂಟಿಸಿ ಕಳಿಸುತ್ತಿದ್ದವು. ಅದರಲ್ಲೂ ಅಡುಗೆಮನೆ ಬಾಗಿಲಿಗೆ ಹೊಂದಿಕೊಂಡ ಮೂರನೇ ಚಾಪೆ ನಡುವೆ ಕುಸಿದಿತ್ತು. ಅದರ ಅಂಚಿನ ಪಟ್ಟಿ ಹರಿದು ಕುಣಿಕೆಯ ಹಾಗೆ ಮೇಲೆದ್ದಿತ್ತು.

ಹದಿನಾಲ್ಕು ವರ್ಷದಿಂದ ಶಿಜುಯೊ “ರೀ, ಚಾಪೆ” ಎನ್ನುತ್ತಲೇ ಇದ್ದಳು. “ರೀ” ಎಂದ ಕೂಡಲೇ ತೊಕುಜಿ ಏಳುತ್ತಿದ್ದ. “ಚಾಪೆ” ಎನ್ನುವಷ್ಟರಲ್ಲಿ ಮುಂದಿನ ಅಂಗಡಿಯಲ್ಲಿರುತ್ತಿದ್ದ. ಅವಳು ಅಂಗಡಿಗೆ ಬಂದರೆ ಅವನು ಗಿರಾಕಿಯ ಮನೆಯಲ್ಲಿ. ಗಿರಾಕಿಯ ಮನೆಗೆ ಫೋನ್ ಮಾಡಿದರೆ ಬೀದಿಕೊನೆಯ ಸಾರ್ವಜನಿಕ ಸ್ನಾನದ ಮನೆಯಲ್ಲಿ. ಅಲ್ಲಿ ಗಂಡಸರ ಕಡೆಗೆ ಶಿಜುಯೊ ಕಾಲಿಡುವಂತಿರಲಿಲ್ಲ. ಹಾಗಾಗಿ ತೊಕುಜಿಯಷ್ಟು ಶುಭ್ರವಾಗಿ ಸ್ನಾನ ಮಾಡಿದ ಗಂಡಸು ಆ ಬೀದಿಯಲ್ಲಿ ಇರಲಿಲ್ಲ.

ಆದರೆ ಆ ಬೆಳಗಿನ ಜಂಬ ಚಾಪೆಯದ್ದಾಗಿರಲಿಲ್ಲ, ಮೃಗಕಾಳಗದ್ದು. ಮಗಳು ಮದುವೆಯಾಗಿ ನಾಗೊಯಾಕ್ಕೆ ಹೋಗುವಾಗ ಕೈಯಲ್ಲಿ ಹಿಡಿದು ಆಡುವ ಎರಡು ವಿಡಿಯೋ ಗೇಮುಗಳನ್ನು ಬೀರುವಿನಲ್ಲಿ ಬಿಟ್ಟುಹೋಗಿದ್ದಳು. ಧೂಳು ಒರೆಸಲೆಂದು ತೆಗೆದದ್ದೇ ನೆಪ, ಗಂಡ ಹೆಂಡತಿ ಇಬ್ಬರಿಗೂ ಹುಚ್ಚು ಹಿಡಿದಿತ್ತು. ಒಬ್ಬೊಬ್ಬರ ಪಾಳೆಯದಲ್ಲಿ ಆರು ವಿಚಿತ್ರ ಮೃಗಗಳು. ಒಂದು ಸಲಕ್ಕೆ ಒಂದೇ ಅಂಗಳಕ್ಕಿಳಿದು ಕಾದಾಡಬೇಕು. ಅದು ದಣಿದರೆ ವಾಪಸು ಕರೆದು ಇನ್ನೊಂದನ್ನು ಇಳಿಸಬಹುದು. ಆರೂ ನೆಲಕ್ಕೆ ಬಿದ್ದರೆ ಸೋಲು. ಹೊಸವರ್ಷದಿಂದೀಚೆಗೆ ಇಬ್ಬರ ನಡುವೆ ಹದಿನೇಳು ಕಾಳಗ ನಡೆದಿತ್ತು. ಹದಿನೇಳರಲ್ಲೂ ತೊಕುಜಿ ಮಕಾಡೆ ಮಲಗಿದ್ದ.

ಹಿಂದಿನ ದಿನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು ಅವನು ಹಳೆಯ ಪತ್ರಿಕೆಯೊಂದನ್ನು ತಿರುವಿ ಹಾಕಿದ್ದ. ಅದರಲ್ಲಿ ಮೃಗಕಾಳಗದ ಪಂಡಿತನೊಬ್ಬ ಬರೆದಿದ್ದನ್ನು ಓದಿ ಅವನ ಕಣ್ಣು ತೆರೆಯಿತು. ಕ್ಷೌರಿಕ ಅರ್ಧ ಮೀಸೆ ಕತ್ತರಿಸಿ ಇನ್ನರ್ಧಕ್ಕೆ ಕೈಹಾಕುವ ಮೊದಲೇ ಮನೆಗೆ ಓಡಿಬಂದಿದ್ದ.

“ಕೇಳು ಶಿಜು. ಇಷ್ಟು ದಿನ ನಾನು ನಿನ್ನ ಮೃಗಗಳ ಮೇಲೆ ಬೀಳ್ತಿದ್ದೆ. ಅದೇ ತಪ್ಪು. ಇನ್ಮೇಲೆ ಅವುಗಳ ಮೈ ಮುಟ್ಟಲ್ಲ. ನಿನ್ನ ಕಡೆ ನೆಲಕ್ಕೆ ಮುಳ್ಳು ಹಾಸ್ತೀನಿ! ಒಂದು ಪದರ, ಎರಡು ಪದರ, ಮೂರು ಪದರ!”

“ಹಾಸಿ. ಆಮೇಲೆ?”

“ಆಮೇಲೆ ನಿನ್ನ ಕಡೆಯಿಂದ ಯಾವ ಮೃಗ ಅಂಗಳಕ್ಕಿಳಿದ್ರೂ, ಕಾಲಿಟ್ಟ ಕ್ಷಣ ಚುಚ್ಚುತ್ತೆ! ಬಂದಾಗೊಂದು ಪೆಟ್ಟು, ಮತ್ತೆ ಬಂದ್ರೆ ಮತ್ತೊಂದು ಪೆಟ್ಟು. ಪ್ರಾಣದಲ್ಲಿ ಕಾಲುಭಾಗ ಹೊಸ್ತಿಲಲ್ಲೇ ಹೋಯ್ತು! ಜೊತೆಗೆ ನನ್ನ ಹತ್ರ ಗರ್ಜಿಸೋ ಸಿಂಹನಾಯಿ ಇದೆ. ಅದು ಒಂದು ಸಲ ಗರ್ಜಿಸಿದ್ರೆ ನಿನ್ನ ಮೃಗ ಬಾಲ ಮುದುರಿ ಒಳಗೋಡುತ್ತೆ, ಇನ್ನೊಂದು ಹೊರಗೆ ಬರಲೇಬೇಕು. ಬಂತಾ? ಚುಚ್ಚಿತು! ನಾನು ಆರಾಮಾಗಿ ಚಹಾ ಕುಡೀತಾ ಕೂತಿರ್ತೀನಿ.”

“ಅಂದ್ರೆ ನೀವು ಕೆಲಸ ಮಾಡಲ್ಲ, ಬಂದು ಹೋಗೋರು ಒದ್ದಾಡ್ತಾರೆ.”

“ಅದೇ ತಂತ್ರ!”

“ತಂತ್ರ ಅಂತೀರಲ್ಲ, ನಮ್ಮನೇಲಿ ಮೊದಲಿಂದಲೂ ಅದೇ ಪದ್ಧತಿ,” ಎಂದು ಶಿಜುಯೊ ಬಟ್ಟಲು ಎತ್ತಿಕೊಂಡು ಎದ್ದಳು. ಅಡುಗೆಮನೆ ಬಾಗಿಲ ಬಳಿ ಅಭ್ಯಾಸಬಲದಿಂದ ಕಾಲೆತ್ತಿ ಹರಿದ ಪಟ್ಟಿಯನ್ನು ದಾಟಿದಳು. ತೊಕುಜಿ ಅದನ್ನು ನೋಡಲಿಲ್ಲ. ಅವನು ತನ್ನ ಜಾಣತನವನ್ನು ಸವಿಯುತ್ತಿದ್ದ. ಎದುರಾಳಿಯನ್ನೇ ಕೂರಿಸಿಕೊಂಡು ತಂತ್ರವನ್ನೆಲ್ಲ ಬಿಡಿಸಿ ಹೇಳುವುದು ಆ ಪಂಡಿತನ ಲೇಖನದ ಯಾವ ಪ್ಯಾರಾದಲ್ಲಿತ್ತೋ, ಅವನಿಗೇ ಗೊತ್ತು.

“ಹಾಗಾದ್ರೆ ಪಂದ್ಯ ಕಟ್ಟೋಣ,” ಎಂದು ಅಡುಗೆಮನೆಯಿಂದಲೇ ದನಿ ಬಂತು. “ಮುಂದಿನ ತಿಂಗಳು ರಾಕ್ಷಸನಿಗೆ ಕಾಳೆಸೆಯೋ ಸೆತ್ಸುಬುನ್ ಹಬ್ಬದ ದಿನ ಮಧ್ಯಾಹ್ನ, ಒಂದೇ ಕಾಳಗ. ನೀವು ಗೆದ್ರೆ ನಾನು ಸಾಯೋ ತನಕ ಈ ಮನೇಲಿ ಚಾಪೆ ಅನ್ನೋ ಮಾತೆತ್ತಲ್ಲ.”

ತೊಕುಜಿಯ ಎದೆ ಸಂತೋಷಕ್ಕೆ ಡವಡವ ಎಂದಿತು. ಜೀವಮಾನವಿಡೀ “ಚಾಪೆ” ಎಂಬ ಶಬ್ದ ಕೇಳದ ಮನೆ! ಸ್ವರ್ಗ ಅಂದರೆ ಇನ್ನೇನು?

“ನೀನು ಗೆದ್ರೆ?”

“ಆರೂ ಚಾಪೆ ಹೊಸದು. ಒಂದು ವಾರದೊಳಗೆ. ಯಾವ ಗಿರಾಕಿ ಬಂದು ಕಾಲಿಗೆ ಬಿದ್ರೂ ಮೊದಲು ನಮ್ಮನೇದು.”

“ಆಯ್ತು!” ಎಂದು ತೊಕುಜಿ ಉಳಿದ ಅರ್ಧ ಮೀಸೆ ತಿರುವಿದ.

ತರಬೇತಿ ಮರುದಿನವೇ ಶುರುವಾಯಿತು. ಪುಟ್ಟ ತೆರೆಯ ಮೇಲೆ ನೋಡಿದರೆ ಅವನಿಗೆ ಯಾವುದೂ ತಲೆಗೆ ಹತ್ತುತ್ತಿರಲಿಲ್ಲ. ಕೈಗೆ ಸಿಗುವ, ಕಾಲಿಗೆ ತಾಗುವ ಲೆಕ್ಕ ಬೇಕು. ಕೋಣೆಯಲ್ಲಿ ಆರು ಚಾಪೆ, ಪಾಳೆಯದಲ್ಲಿ ಆರು ಮೃಗ. ಇದಕ್ಕಿಂತ ಒಳ್ಳೆಯ ರಣಾಂಗಣ ಬೇಕೆ? ಚಾಪೆಗೊಂದರಂತೆ ಚಹಾ ಬಟ್ಟಲುಗಳನ್ನು ಮೃಗಗಳೆಂದು ಇಟ್ಟ. ಮುಳ್ಳು? ಅದಕ್ಕೆ ಸೋಯಾ ಕಾಳು ಸರಿ ಎನ್ನಿಸಿತು. ಎದುರಿನ ತೋಫು ಅಂಗಡಿಯ ಗೆನ್ಜೊ ಬಳಿ ಹೋದ.

“ಸೆತ್ಸುಬುನ್‌ಗೆ ಇನ್ನೂ ಮೂರು ವಾರ ಇದೆಯಲ್ಲ ತೊಕುಸಾನ್! ರಾಕ್ಷಸನ್ನ ಓಡಿಸೋಕೆ ಈಗ್ಲೇ ಕಾಳು ತಗೊಳ್ತಿದೀರ?” ಎಂದು ಗೆನ್ಜೊ ಹುರಿದ ಕಾಳಿನ ಡಬ್ಬಕ್ಕೆ ಕೈಹಾಕಿದ.

“ಹುರಿದದ್ದು ಬೇಡ. ಹಸೀದು ಕೊಡಿ.”

ಗೆನ್ಜೊನ ಕೈ ಡಬ್ಬದಲ್ಲೇ ನಿಂತಿತು. “ಹಸೀದಾ? ಮನೆಯೊಳಗೆ ಚೆಲ್ಲೋಕಾ? ತೊಕುಸಾನ್, ಹಿರಿಯರು ಯಾಕೆ ಹುರಿದು ಎಸೀತಿದ್ರು? ಹಸಿ ಕಾಳು ಮೂಲೇಲಿ ಬಿದ್ದು ಮೊಳಕೆ ಬಂದ್ರೆ ಮನೆಗೆ ಅನಿಷ್ಟ ಅಂತ.”

“ಹುರಿದದ್ದಾದ್ರೆ ಯೋಚನೆ ಮಾಡ್ತಾ ಮಾಡ್ತಾ ತಿಂದುಬಿಡ್ತೀನಿ ಗೆನ್‌ಸಾನ್. ಬೆಳಿಗ್ಗೆ ಅಕ್ಕಿ ಬಿಸ್ಕತ್ತು ಇಟ್ಕೊಂಡು ಅಭ್ಯಾಸ ಮಾಡಿದ್ದೆ. ಎರಡನೇ ಪದರ ಹಾಸೋ ಹೊತ್ತಿಗೆ ಮೊದಲನೇ ಪದರ ಹೊಟ್ಟೇಲಿತ್ತು.”

ವ್ಯಾಪಾರ ವ್ಯಾಪಾರವೇ. ಗೆನ್ಜೊ ತಲೆಯಾಡಿಸುತ್ತ ದೊಡ್ಡ ಪೊಟ್ಟಣವೊಂದನ್ನು ಕಟ್ಟಿಕೊಟ್ಟ.

ಅಂದಿನಿಂದ ಆ ಕೋಣೆಯೊಳಗೆ ಕಾಲಿಡುವುದೇ ದುಸ್ತರವಾಯಿತು. ಕಾಳು ಅಂದ ಮೇಲೆ ಹೇಳಿದ ಜಾಗದಲ್ಲಿ ಕೂರುತ್ತದೆಯೇ? ಉರುಳುತ್ತ ಹೋಗಿ ಚಾಪೆ ಚಾಪೆಯ ನಡುವಿನ ಸಂದಿಗೆ, ಹರಿದ ಪಟ್ಟಿಯ ಅಡಿಗೆ, ಕುಸಿದ ಹುಲ್ಲಿನ ಹೊಟ್ಟೆಗೆ ಇಳಿಯುತ್ತಿತ್ತು. ಹತ್ತು ಹಾಸಿದರೆ ಏಳು ಮರಳಿ ಸಿಗುತ್ತಿದ್ದವು. ಶಿಜುಯೊ ಬರಿಗಾಲಿಗೆ ಕಾಳು ಒತ್ತಿ “ಅಯ್ಯೋ!” ಎಂದಾಗಲೆಲ್ಲ ತೊಕುಜಿ ಗೇಮಿನೊಳಗಿನ ನಿರೂಪಕನ ಗಂಭೀರ ದನಿಯಲ್ಲಿ ಸಾರುತ್ತಿದ್ದ: “ಒಳಗೆ ಬರುತ್ತಿದ್ದಂತೆ ಮುಳ್ಳು ಚುಚ್ಚಿತು!”

ತೆರೆಯ ಮೇಲೆ ಯಾವ ಮೃಗ ಮುಳ್ಳು ತುಳಿದರೂ ಆ ನಿರೂಪಕ ಇದನ್ನೇ ಹೇಳುತ್ತಿದ್ದ. ತೊಕುಜಿಗೆ ಅದು ಮಂತ್ರದಷ್ಟು ಇಂಪಾಗಿ ಕೇಳುತ್ತಿತ್ತು.

ಒಂದು ಸಂಜೆ ಶಿಜುಯೊ ಬಿಸಿನೀರಿನ ಕೆಟಲ್ ಹಿಡಿದು ಒಳಗೆ ಬಂದಳು. ಎಡಗಾಲು ಹರಿದ ಪಟ್ಟಿಯನ್ನು ಸರಿಯಾಗಿಯೇ ದಾಟಿತು. ಬಲಗಾಲು ಕಾಳಿನ ಮೇಲೆ ಬಿತ್ತು. ಅವಳು ಬೀಳಲಿಲ್ಲ, ಗೋಡೆ ಹಿಡಿದು ನಿಂತಳು. ಕೆಟಲ್ ಮಾತ್ರ ಬಿದ್ದಿತು. ನೀರೆಲ್ಲ ಮೂರನೇ ಚಾಪೆಯ ತಗ್ಗಿನಲ್ಲಿ ಕೊಳವಾಗಿ ನಿಂತು, ಪಕ್ಕದ ಎರಡು ಚಾಪೆಗೂ ಹರಿದು, ನೋಡನೋಡುತ್ತಲೇ ಒಳಗಿಳಿಯಿತು.

“ಮುಳ್ಳು ಚುಚ್ಚಿ...” ಎಂದು ಬಾಯಿ ತೆರೆದ ತೊಕುಜಿ ಹೆಂಡತಿಯ ಮುಖ ನೋಡಿ ಬಾಯಿ ಮುಚ್ಚಿದ.

“ನೋಡ್ತಾ ಕೂತಿದೀರಲ್ಲ, ಚಾಪೆ ಎತ್ತಿ ಒಣಗಿಸಿ!”

ಒದ್ದೆಯಾದ ತಾತಾಮಿಯನ್ನು ತಕ್ಷಣ ಎತ್ತಿ ನಿಲ್ಲಿಸಿ ಗಾಳಿಗೆ ಒಡ್ಡಬೇಕು. ಇದು ಊರಿನ ಮಕ್ಕಳಿಗೂ ಗೊತ್ತು. ತೊಕುಜಿ ಗಿರಾಕಿಗಳಿಗೆ ಬೆರಳಾಡಿಸಿ ಹೇಳುತ್ತಿದ್ದ ಮೊದಲ ಪಾಠವೇ ಅದು. ಆದರೆ ಅವನಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಒಂದು ಸಲ ಚಾಪೆ ಎತ್ತಿದರೆ ಕತೆ ಮುಗಿಯಿತು! ‘ಹೇಗೂ ಎತ್ತಿದ್ದೀರಲ್ಲ’ ಎಂದು ಅವಳು ಶುರುಮಾಡುತ್ತಾಳೆ. ಕಾಳಗಕ್ಕೆ ಮೊದಲೇ ಪಂದ್ಯ ಸೋತ ಹಾಗೆ. ಆದ್ದರಿಂದ ಅವನು ಹಳೆ ಟವೆಲ್ಲಿನಿಂದ ಮೇಲೆ ಮೇಲೆ ಒತ್ತಿ ಒರೆಸಿದ. ಒದ್ದೆಯ ಮೇಲೆ ಸರಿಯಾಗಿ ಕೊತಾತ್ಸುವನ್ನು ಎಳೆದಿಟ್ಟ. ಅದು ಅಡಿಯಲ್ಲಿ ಕಾಯಿಸುವ ತಂತಿ, ಸುತ್ತ ನೆಲಮುಟ್ಟುವ ಹೊದಿಕೆ ಇರುವ ಗಿಡ್ಡ ಮೇಜು. ಚಳಿಗಾಲವಿಡೀ ಇಬ್ಬರೂ ಮಂಡಿ ಮಡಚಿ ಅದರ ಅಂಚಿನೊಳಗಷ್ಟೇ ಕಾಲು ತೂರಿಸಿ ಕೂರುತ್ತಿದ್ದರು.

“ಬಿಸಿಗೆ ಎರಡೇ ದಿನದಲ್ಲಿ ಒಣಗುತ್ತೆ. ಮೂವತ್ತೆಂಟು ವರ್ಷದ ಅನುಭವ ಮಾತಾಡ್ತಿರೋದು!”

“ಅನುಭವ ಮಾತಾಡ್ತಿರೋದಾ, ಸೋಮಾರಿತನ ಮಾತಾಡ್ತಿರೋದಾ?” ಎಂದ ಶಿಜುಯೊ ಮತ್ತೆ ಕೆಟಲ್ ತುಂಬಲು ಹೋದಳು.

ಹುಲ್ಲಿನೊಳಗೆ ನೀರು, ಮೇಲೆ ಹದವಾದ ಬಿಸಿ, ಸುತ್ತ ಕತ್ತಲೆ, ಸಂದಿಯಲ್ಲಿ ಹಸಿ ಕಾಳು. ಮುಂದೇನಾಗುತ್ತದೆಂದು ಅಡುಗೆ ಬಲ್ಲ ಯಾರಾದರೂ ಹೇಳಬಲ್ಲರು. ತೊಕುಜಿ ಅಡುಗೆ ಬಲ್ಲವನಲ್ಲ.

ಫೆಬ್ರುವರಿ ಮೂರು ಬಂತು. ಹೊರಗೆ ಮೊಣಕಾಲುದ್ದ ಹಿಮ. ಬಾಗಿಲಿಗೆ ರಾಕ್ಷಸರ ಕಣ್ಣು ಚುಚ್ಚಲೆಂದು ಮುಳ್ಳೆಲೆಯ ರೆಂಬೆ, ಮೂಗು ಕಟ್ಟಿಸಲೆಂದು ಸುಟ್ಟ ಮೀನಿನ ತಲೆ ಸಿಕ್ಕಿಸಿತ್ತು. “ನೋಡು, ನಮ್ಮ ಪೂರ್ವಿಕರದ್ದೂ ನನ್ನದೇ ತಂತ್ರ! ಹೊಸ್ತಿಲಲ್ಲೇ ಹೊಡಿ!” ಎಂದು ಕೊಚ್ಚಿಕೊಳ್ಳುತ್ತ ತೊಕುಜಿ ಕೊತಾತ್ಸುವಿನ ಒಂದು ಬದಿಗೆ ಕುಳಿತ. ಎದುರು ಬದಿಗೆ ಶಿಜುಯೊ. ಅವಳ ಪಕ್ಕದಲ್ಲಿ ಸಂಜೆ ಎಸೆಯಲು ಹುರಿದ ಕಾಳಿನ ಮರದ ಪೆಟ್ಟಿಗೆ.

ಕಾಳಗ ಶುರುವಾಯಿತು. ತೊಕುಜಿ ಮುಳ್ಳುಹಂದಿಯನ್ನು ಇಳಿಸಿದ. ಶಿಜುಯೊ ಇಳಿಸಿದ್ದು ಮೂಲಂಗಿಯನ್ನು. ಕೈಕಾಲು ಮೂಡಿದ, ನಿದ್ದೆಗಣ್ಣಿನ, ದಪ್ಪ ಬಿಳಿ ಮೂಲಂಗಿ! ಮೃಗಕಾಳಗ ಬಲ್ಲವರು ಯಾರೂ ಅದನ್ನು ಪಾಳೆಯಕ್ಕೆ ಸೇರಿಸುತ್ತಿರಲಿಲ್ಲ.

“ಇದೇನೇ, ಸಾರಿಗೆ ಹಾಕೋ ಬದಲು ಇಲ್ಲಿ ತಂದಿದೀಯ?” ಎಂದು ತೊಕುಜಿ ಹೊಟ್ಟೆ ಹಿಡಿದು ನಕ್ಕ.

ಶಿಜುಯೊ ಮೊದಲ ಸರದಿಯಲ್ಲಿ ಅವನ ಕಡೆಗೆ ಒಂದು ಹಿಡಿ ಮುಳ್ಳೆಸೆದಳು. ಬರೀ ಒಂದು ಪದರ. ಎರಡನೇ ಸರದಿಯಲ್ಲಿ ಅವಳ ಮೂಲಂಗಿ ನೆಲಕ್ಕೆ ಬೇರುಬಿಟ್ಟು ಕೂತಿತು. ಆಮೇಲೆ ಎಲೆಯಿಂದ ಒಂದೊಂದು ಏಟು ಕೊಡುತ್ತ ಸುಮ್ಮನಿದ್ದುಬಿಟ್ಟಿತು. ಅಷ್ಟರಲ್ಲಿ ತೊಕುಜಿ ಒಂದಾದ ಮೇಲೊಂದು ಮೂರು ಪದರ ಮುಳ್ಳು ಹಾಸಿ ಮುಗಿಸಿದ್ದ. ಎಂಥ ಹಾಸಿಗೆ! ಎಂಥ ಕುಸುರಿ!

“ಈಗ ನೋಡು ಮಜಾ!” ಎಂದು ಮುಳ್ಳುಹಂದಿಯನ್ನು ಕರೆಸಿಕೊಂಡು ಸಿಂಹನಾಯಿಯನ್ನು ಇಳಿಸಿದ.

“ಒಳಗೆ ಬರುತ್ತಿದ್ದಂತೆ ಮುಳ್ಳು ಚುಚ್ಚಿತು!” ಎಂದಿತು ಯಂತ್ರ. ಚುಚ್ಚಿಸಿಕೊಂಡದ್ದು ಸಿಂಹನಾಯಿ.

“ಪರವಾಗಿಲ್ಲ, ಚಿಲ್ಲರೆ ಗಾಯ. ಗರ್ಜಿಸು!”

ಸಿಂಹನಾಯಿ ಗರ್ಜಿಸಿತು. ಕೈಯಲ್ಲಿದ್ದ ಯಂತ್ರವೇ ನಡುಗಿತು. “ಮೂಲಂಗಿ ಬೇರುಬಿಟ್ಟಿದೆ. ಅಲ್ಲಾಡಲಿಲ್ಲ!” ಎಂಬ ಅಕ್ಷರ ತೆರೆಯ ಮೇಲೆ ಮೂಡಿತು. ಅಲ್ಲಾಡದಿರುವುದಷ್ಟೇ ಅಲ್ಲ, ಬೇರಿನಿಂದ ನೆಲದ ಸತ್ವ ಹೀರಿ ಆಗ ತಾನೆ ಕಿತ್ತ ಮೂಲಂಗಿಯಷ್ಟು ಲಕಲಕ ಹೊಳೆಯಿತು. ಹೊಳೆದು ಎಲೆಯಿಂದ ಸಿಂಹನಾಯಿಯ ಕಪಾಳಕ್ಕೊಂದು ಕೊಟ್ಟಿತು.

ತೊಕುಜಿಗೆ ಗಾಬರಿಯಾಯಿತು. ಸಿಂಹನಾಯಿಯನ್ನು ಹಿಂದೆ ಕರೆದು ಬೆಂಕಿಗೂಬೆಯನ್ನು ಬಿಟ್ಟ. ಮುಳ್ಳು ಚುಚ್ಚಿತು! ಗೂಬೆ ಬೇಡವೆಂದು ಆಮೆಯನ್ನು ಬಿಟ್ಟ. ಮುಳ್ಳು ಚುಚ್ಚಿತು! ಆಮೆ ನಿಧಾನವೆಂದು ಮತ್ತೆ ಮುಳ್ಳುಹಂದಿ. ಮುಳ್ಳುಹಂದಿಗೂ ಮುಳ್ಳು ಚುಚ್ಚಿತು! ಅವನು ಅಷ್ಟು ಮುತುವರ್ಜಿಯಿಂದ ಹಾಸಿದ ಮೂರು ಪದರ ಎದುರು ಅಂಗಳದಲ್ಲಿ ಒಬ್ಬರೂ ತುಳಿಯದೆ ಹೊಚ್ಚ ಹೊಸದಾಗಿ ಬಿದ್ದಿತ್ತು.

“ಮೃಗ ಬದಲಾಯಿಸು ಶಿಜು!” ಎಂದು ಅವನು ಗೋಗರೆದ. “ಇದು ಮೋಸ! ಇಡೀ ಕಾಳಗ ಒಂದೇ ಮೂಲಂಗೀಲಿ ಯಾರಾದ್ರೂ ಆಡ್ತಾರಾ?”

“ಹೋಗಿ ಬಂದು ಮಾಡೋರಿಗೆ ತಾನೇ ನಿಮ್ಮ ಮುಳ್ಳು? ನಾನು ಎಲ್ಲೂ ಹೋಗಲ್ಲ. ಕೂತಿರ್ತೀನಿ.”

“ಇದನ್ನ ಯಾವ ಪತ್ರಿಕೇಲಿ ಓದಿದೆ?”

“ಪತ್ರಿಕೆ ಯಾಕೆ ಬೇಕು? ಹದಿನಾಲ್ಕು ವರ್ಷದಿಂದ ಚಾಪೆ ಅಂದಾಗೆಲ್ಲ ನಿಮ್ಮನ್ನ ನೋಡ್ತಿದೀನಲ್ಲ. ಸ್ವಲ್ಪ ಕಷ್ಟ ಅಂದ್ರೆ ಸಾಕು, ಎದ್ದು ಓಡೋರು ನೀವು. ಮನೆಯಿಂದ ಅಂಗಡಿ, ಅಂಗಡಿಯಿಂದ ಸ್ನಾನದ ಮನೆ. ಓಡೋರಿಗೆ ಮೂರು ಪದರ ಯಾಕೆ, ಒಂದು ಹಿಡಿ ಸಾಕು.”

ಅಷ್ಟರಲ್ಲಿ ತೊಕುಜಿಯ ಆರನೇ ಮೃಗ ಹೊಸ್ತಿಲಲ್ಲೇ ಕಣ್ಣುಮುಚ್ಚಿತು. ಮೂಲಂಗಿ ಆಕಳಿಸಿತು. ಹದಿನೆಂಟನೇ ಸೋಲು!

ತೊಕುಜಿ ಗಂಟಲು ಸರಿಮಾಡಿಕೊಂಡ. ಅವನ ಒಂದು ಮೊಣಕಾಲು ಆಗಲೇ ಮೇಲೆದ್ದಿತ್ತು.

“ಸೋತೆ, ಒಪ್ಪಿದೆ. ಆದ್ರೆ ಕಸುಬುದಾರನಾಗಿ ಹೇಳ್ತೀನಿ ಕೇಳು. ಈ ಚಾಪೆಯೊಳಗಿನ ಹುಲ್ಲು ನಮ್ಮಪ್ಪನ ಕೈಯಲ್ಲಿ ಒತ್ತಿದ್ದು. ಕಲ್ಲು! ಇನ್ನೂ ಇಪ್ಪತ್ತು ವರ್ಷ ಜಗ್ಗಲ್ಲ. ಒಂದು ಚೂರು ತೇವ ಇಲ್ಲ, ಹುಳ ಇಲ್ಲ. ಹಿಮ ಕರಗಲಿ, ಬೇಸಿಗೆ ಬರಲಿ, ಆಮೇಲೆ ನೋಡೋಣ. ಅಂಗಡೀಲಿ ಸ್ವಲ್ಪ ಕೆಲಸ...”

“ಘರ್‌ರ್‌ರ್!” ಎಂದು ಬಾಗಿಲಲ್ಲಿ ರಾಕ್ಷಸ ಗರ್ಜಿಸಿದ.

ಅಂಗಡಿಬೀದಿ ಸಂಘದ ಪರವಾಗಿ ಪ್ರತಿವರ್ಷ ರಾಕ್ಷಸನಾಗುವುದು ತೋಫು ಅಂಗಡಿಯ ಗೆನ್ಜೊ. ಕೆಂಪು ಮುಖವಾಡ, ಉಣ್ಣೆಯ ಒಳಉಡುಪಿನ ಮೇಲೆ ಹುಲಿಪಟ್ಟೆಯ ಚಡ್ಡಿ. ಶಿಜುಯೊ “ರಾಕ್ಷಸ ಹೊರಗೆ! ಭಾಗ್ಯ ಒಳಗೆ!” ಎಂದು ಕಾಳೆಸೆದಳು. ಪದ್ಧತಿಯ ಪ್ರಕಾರ ರಾಕ್ಷಸ ಅಯ್ಯಯ್ಯೋ ಎಂದು ಓಡಿಹೋಗಬೇಕು. ಆದರೆ ಇಪ್ಪತ್ತಮೂರು ಮನೆ ಸುತ್ತಿ ಬಂದ ಈ ರಾಕ್ಷಸನ ಹಲ್ಲು ಕಟಕಟ ಎನ್ನುತ್ತಿತ್ತು.

“ಶಿಜುಯೊಸಾನ್, ಓಡಿಸೋದು ಆಮೇಲೆ ಓಡ್ಸಿ. ಒಂದೈದು ನಿಮಿಷ ಕಾಲು ಬಿಸಿ ಮಾಡ್ಕೊಳ್ತೀನಿ,” ಎಂದು ಬೂಟು ಕಳಚಿ, ಬರಿಗಾಲಲ್ಲಿ ಬಂದು, ಹೊದಿಕೆಯೆತ್ತಿ ಕೊತಾತ್ಸುವಿನೊಳಗೆ ಎರಡೂ ಕಾಲು ಪೂರ್ತಿ ತೂರಿಸಿ “ಆಹಾ!” ಎಂದ.

ಮರುಕ್ಷಣ ಅವನ ಮುಖವಾಡ ಒಂದು ಕಡೆ ವಾಲಿತು.

“ತೊಕುಸಾನ್... ಒಳಗೆ ಬೆಕ್ಕು ಸಾಕಿದೀರಾ?”

“ಇಲ್ಲವಲ್ಲ.”

“ಹಾಗಾದ್ರೆ ನನ್ನ ಅಂಗಾಲಿಗೆ ಕಚಗುಳಿ ಇಡ್ತಿರೋದು ಯಾರು?”

ಶಿಜುಯೊ ಹೊದಿಕೆಯನ್ನು ಪೂರ್ತಿ ಎತ್ತಿದಳು. ಮೂವರೂ ಬಗ್ಗಿ ನೋಡಿದರು. ಮೂರನೇ ಚಾಪೆಯ ಸಂದಿಯುದ್ದಕ್ಕೂ ಗೇಣುದ್ದದ ಮೊಳಕೆಗಳು! ಹಳದಿ ತಲೆ, ಬಿಳಿ ಕತ್ತು, ಸಾಲುಸಾಲಾಗಿ ನಿಂತು ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡ ಹಾಗಿದ್ದವು. ಹರಿದ ಪಟ್ಟಿಯ ಅಡಿಯಿಂದೊಂದು ಗುಂಪು, ಕುಸಿದ ತಗ್ಗಿನ ನಡುವಿನಿಂದೊಂದು ಗುಂಪು. ಚಾಪೆಯ ಅಂಚೇ ಅರ್ಧ ಬೆರಳು ಮೇಲೆದ್ದಿತ್ತು.

ರಾಕ್ಷಸ ಚಂಗನೆ ಹಿಂದಕ್ಕೆ ಹಾರಿದ. “ಮೊಳಕೆ! ಸೆತ್ಸುಬುನ್ ದಿನ! ಮನೆಯೊಳಗೆ!” ಎಂದು ಮುಖವಾಡ ಕಿತ್ತು ಎದೆಗವಚಿಕೊಂಡ. ಊರಿಗೆಲ್ಲ ಅನಿಷ್ಟ ಹೊತ್ತು ತರುವ ರಾಕ್ಷಸನೇ ಇನ್ನೊಬ್ಬರ ಮನೆಯ ಅನಿಷ್ಟಕ್ಕೆ ಹೆದರಿ ಓಡಿದ್ದು ಆ ಬೀದಿಯ ಇತಿಹಾಸದಲ್ಲಿ ಅದೇ ಮೊದಲು. ಆದರೂ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದ. ವ್ಯಾಪಾರಿಯ ಅಭಿಮಾನ ತಡೆಯಲಾಗಲಿಲ್ಲ. “ನಮ್ಮಂಗಡಿ ಕಾಳು ಅಂದ್ರೆ ನೋಡಿ! ಒಂದೂ ಜೊಳ್ಳಿಲ್ಲ!”

ತೊಕುಜಿ ಏಳಲೆಂದು ಎತ್ತಿದ್ದ ಮೊಣಕಾಲನ್ನು ಮೆಲ್ಲಗೆ ಕೆಳಗಿಳಿಸಿದ.

“ಒಂದು ಚೂರು ತೇವ ಇಲ್ಲ ಅಂದ್ರಲ್ಲ,” ಎಂದಳು ಶಿಜುಯೊ.

ಆ ಮಧ್ಯಾಹ್ನವೇ ಚಾಪೆಗಳು ಮೇಲೆದ್ದವು. ಕೊಕ್ಕೆ ಹಾಕಿ ಮೂರನೆಯದನ್ನು ಎತ್ತಿ ಗೋಡೆಗೆ ಒರಗಿಸಿದ ತೊಕುಜಿ ಕಸುಬಿನ ಅಭ್ಯಾಸದಂತೆ ಅದರ ಮೈಮೇಲೆ ಅಂಗೈ ಆಡಿಸಿದ. ಆಡಿಸುತ್ತಿದ್ದ ಕೈ ತಾನಾಗಿ ನಿಂತಿತು. ಬೇರೆಯವರ ಮನೆಯ ಚಾಪೆಗಳನ್ನು ಅಂಗೈ ರೇಖೆ ಓದಿದಂತೆ ಓದುತ್ತಿದ್ದವನು ತನ್ನ ಮನೆಯದನ್ನು ಒಮ್ಮೆಯೂ ಓದಿರಲಿಲ್ಲ. ಗೋಡೆಬದಿಯ ಚಾಪೆಯಲ್ಲಿ ದೊಡ್ಡದೊಂದು ಗುಂಡನೆಯ ತಗ್ಗು: ಅದು ತಾನು ಕೂತದ್ದು. ಈ ಮೂರನೆಯದರಲ್ಲಿ ಸಣ್ಣ ಹೆಜ್ಜೆಯ ಸವೆತ, ಅಡುಗೆಮನೆಯಿಂದ ಒಳಗೆ, ಒಳಗಿನಿಂದ ಅಡುಗೆಮನೆಗೆ. ಹರಿದ ಪಟ್ಟಿಯ ನೂಲೆಲ್ಲ ಒಂದೇ ದಿಕ್ಕಿಗೆ ಎಳೆದುಕೊಂಡಿತ್ತು. ಒಂದೇ ಕಾಲ್ಬೆರಳು ಸಾವಿರ ಸಲ ಸಿಕ್ಕಿಕೊಂಡರೆ ಮಾತ್ರ ಹಾಗಾಗುತ್ತದೆ.

“ದಿನಾ ಎಡವ್ತಿದ್ಯಾ?” ಎಂದು ಕೇಳಿದ, ಬೆನ್ನು ಹಾಕಿಕೊಂಡೇ.

“ದಿನಾ ಏನಿಲ್ಲ. ಕೈಯಲ್ಲಿ ಏನಾದ್ರೂ ಇದ್ದಾಗ ಮಾತ್ರ.”

ಶಿಜುಯೊ ಆ ಕೋಣೆಗೆ ಬರಿಗೈಯಲ್ಲಿ ಬಂದದ್ದು ಅವನಿಗೆ ನೆನಪಾಗಲಿಲ್ಲ. ಹದಿನಾಲ್ಕು ವರ್ಷ ಈ ಮನೆಯಲ್ಲಿ ಮುಳ್ಳು ಹಾಸಿ ಚಹಾ ಕುಡಿಯುತ್ತ ಕೂತವನು ತಾನೇ ಎಂದು ಅವನಿಗೆ ಆಗ ಹೊಳೆಯಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅದನ್ನೆಲ್ಲ ಬಾಯಿಬಿಟ್ಟು ಹೇಳುವ ಜಾತಿಯ ಮನುಷ್ಯ ಅವನಲ್ಲ. “ಜೊಂಡು ಅತ್ಯುತ್ತಮದ್ದೇ ಹಾಕ್ತೀನಿ. ದೇವಸ್ಥಾನಕ್ಕೆ ಅಂತ ತೆಗೆದಿಟ್ಟಿದ್ದು,” ಎಂದಷ್ಟೇ ಹೇಳಿದ.

“ಅಳತೆಪಟ್ಟಿ ಇಲ್ಲೇ ಇದೆ, ತಗೊಳ್ಳಿ.”

“ನನ್ನ ಮನೆ ನೆಲಕ್ಕೆ ನನಗೆ ಅಳತೆಪಟ್ಟಿಯಾ? ನನ್ನ ಅಂಗಾಲಿಗೆ ಅವಮಾನ ಮಾಡ್ಬೇಡ!” ನಾಚಿಕೆಯಲ್ಲೂ ಜಂಬ ಪೂರ್ತಿ ಸತ್ತಿರಲಿಲ್ಲ.

ಆರು ದಿನ ಅವನು ತಲೆಯೆತ್ತದೆ ಹೊಲಿದ. ತಲೆಯೆತ್ತುವಂತೆಯೂ ಇರಲಿಲ್ಲ. ಗೆನ್ಜೊ ತೋಫು ಕೊಳ್ಳಲು ಬಂದವರಿಗೆಲ್ಲ ತೋಫುವಿನ ಜೊತೆ ಸುದ್ದಿಯನ್ನೂ ಕಟ್ಟಿಕೊಡುತ್ತಿದ್ದ. ಹೋಗುವವರು ಬರುವವರು ಅಂಗಡಿಯೊಳಗೆ ಇಣುಕಿದರು. “ಏನ್ ತೊಕುಸಾನ್, ಈ ಸಲ ಫಸಲು ಹೇಗೆ?” ಎಂದರು. “ನಮ್ಮನೇಗೂ ಅಂಥದ್ದೇ ಒಂದು ಚಾಪೆ ಹಾಕ್ಕೊಡಿ, ತರಕಾರಿ ಖರ್ಚು ಉಳಿಯುತ್ತೆ,” ಎಂದರು. ತೊಕುಜಿ ಸೂಜಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದ. ಈ ಸಲ ಮಾತ್ರ ಸ್ನಾನದ ಮನೆಗೆ ಓಡಲಿಲ್ಲ.

ಏಳನೇ ದಿನ ಆರೂ ಹೊಸ ಚಾಪೆಗಳು ಕೋಣೆಯಲ್ಲಿ ಕೂತವು. ಹಸಿರು ಬಣ್ಣ, ಹಸಿ ಜೊಂಡಿನ ಘಮ. ತೊಕುಜಿ ಬಾಗಿಲಲ್ಲಿ ನಿಂತು “ಬಾ ಶಿಜು, ಒಳಗೆ ಬಾ!” ಎಂದು ಕೈಚಾಚಿದ. ಶಿಜುಯೊ ಅಡುಗೆಮನೆಯಿಂದ ಬಂದಳು. ಮೂರನೇ ಚಾಪೆಯ ಅಂಚಿಗೆ ಬಂದಾಗ, ಅಲ್ಲಿ ಎಡವಲು ಏನೂ ಇರದಿದ್ದರೂ, ಅವಳ ಕಾಲು ತಾನಾಗಿ ಎತ್ತರಕ್ಕೆ ಎದ್ದು, ಇಲ್ಲದ ಪಟ್ಟಿಯನ್ನು ದಾಟಿ, ಆಚೆ ಇಳಿಯಿತು.

ಈ ಸಲ ತೊಕುಜಿ ಅದನ್ನು ನೋಡಿದ. “ಕೂತ್ಕೋ,” ಎಂದ. “ಇವತ್ತು ಚಹಾ ನಾನು ತರ್ತೀನಿ.”

ಶಿಜುಯೊ ಹುಬ್ಬೇರಿಸಿದಳು. ಮೂವತ್ತಮೂರು ವರ್ಷದ ಸಂಸಾರದಲ್ಲಿ ಕೇಳದ ಮಾತು. ಕೊತಾತ್ಸುವಿನೊಳಗೆ ಕಾಲು ತೂರಿಸಿ, ಮೂಲಂಗಿಯಂತೆ ನೆಟ್ಟಗೆ ಕೂತಳು.

ಅಡುಗೆಮನೆಯಲ್ಲಿ ಡಬ್ಬಗಳ ಸದ್ದು, ಬಟ್ಟಲುಗಳ ಸದ್ದು, “ಚಹಾಪುಡಿ ಎಲ್ಲಿದೆ?” ಎಂಬ ಸದ್ದು. ಕೊನೆಗೆ ತೊಕುಜಿ ತಟ್ಟೆ ಹಿಡಿದು, ಎದೆಯುಬ್ಬಿಸಿ, ರಣರಂಗದಿಂದ ಮರಳುವ ಸೇನಾಪತಿಯ ಠೀವಿಯಲ್ಲಿ ಬಂದ. ಪಾಪ, ಅವನ ಅಂಗಾಲು ಹದಿನಾಲ್ಕು ವರ್ಷ ಆ ಮೂರನೇ ಚಾಪೆಯ ತಗ್ಗನ್ನೇ ತುಳಿದಿತ್ತು. ಅದು ಹೇಳಿದ ಲೆಕ್ಕದಂತೆ ತಗ್ಗಿಗೆಂದು ಇನ್ನಷ್ಟು ಹುಲ್ಲು ತುಂಬಿದ್ದ. ತಗ್ಗು ಇದ್ದದ್ದು ಹಳೆಯ ಚಾಪೆಯಲ್ಲಿ, ನೆಲದಲ್ಲಲ್ಲ. ಹೊಸ ಚಾಪೆ ಹೊಸ್ತಿಲಿಗಿಂತ ಎರಡು ಅಕ್ಕಿಕಾಳಿನಷ್ಟು ಎತ್ತರಕ್ಕೆ ನಿಂತಿತ್ತು.

ಆ ಎರಡು ಅಕ್ಕಿಕಾಳು ಸಾಕಾಯಿತು. ಹೆಬ್ಬೆರಳು ತಗುಲಿತು. ತಟ್ಟೆ ಹಾರಿತು. ಎರಡು ಬಟ್ಟಲು, ಒಂದು ಹೂಜಿ ತುಂಬ ಚಹಾ, ಅದರ ಹಿಂದೆಯೇ ಮೂರು ತಲೆಮಾರಿನ ತಾತಾಮಿ ಕಸುಬುದಾರ, ಎಲ್ಲವೂ ಸಾಲಾಗಿ ಹೊಸ ಜೊಂಡಿನ ಮೇಲೆ ಮಕಾಡೆ ಬಿದ್ದವು.

ಶಿಜುಯೊ ಕೂತಲ್ಲಿಂದ ಅಲ್ಲಾಡಲಿಲ್ಲ. ಗೇಮಿನ ನಿರೂಪಕನ ಗಂಭೀರ ದನಿಯಲ್ಲಿ ನಿಧಾನವಾಗಿ ಸಾರಿದಳು:

“ತೊಕುಜಿ ಒಳಗೆ ಬರುತ್ತಿದ್ದಂತೆ ಮುಳ್ಳು ಚುಚ್ಚಿತು!”

ಆಮೇಲೆ ಹರಿದು ಬರುತ್ತಿದ್ದ ಚಹಾ ತಾಗದಂತೆ ಹೊದಿಕೆಯ ಅಂಚನ್ನು ಮೇಲಕ್ಕೆ ಮಡಚಿಕೊಂಡು ಕೇಳಿದಳು. “ಈ ಸಲ ಚಾಪೆ ಎತ್ತಿ ಒಣಗಿಸ್ತೀರೋ, ಇಲ್ಲ ಗೆನ್‌ಸಾನ್ ಹತ್ರ ಇನ್ನೊಂದು ಪೊಟ್ಟಣ ಕಾಳು ತರಿಸ್ಲೋ?”